ಏಳರ ಮೇಲೊಂದು ಪೆಟ್ಟು

೯ ಮಾರ್ಚ್, ಭಾನುವಾರ

ಪ್ರೀತಿಯ ಕಡ್ಡಿಗೆ,

ಅಣ್ಣನ ಅಕ್ಕರೆ. ಮೊಮ್ಮಗಳನ್ನು ಎತ್ತಿ ಆಡಿಸುವ ತಾತನನ್ನು ಇನ್ನೂ ಕಡ್ಡಿ ಅನ್ನುವುದೇ ಎಂದು ಮುಖ ಊದಿಸಬೇಡ, ನೀನು ನನಗೆ ಕಡ್ಡಿಯೇ. ನಿನ್ನ ಕಾಗದ ಬಂದು ಆರು ವಾರವಾಯಿತು, ತಡವಾಯಿತು, ಕ್ಷಮಿಸು. ಮೂರು ಸಲ ಬರೆದು ಹರಿದುಹಾಕಿದೆ. ಕಸದ ಬುಟ್ಟಿ ನೋಡಿ ನಿನ್ನ ಅತ್ತಿಗೆ, "ಸ್ವಂತ ತಮ್ಮನಿಗೆ ಕಾಗದ ಬರೆಯೋಕೂ ರಿಹರ್ಸಲ್ ಬೇಕಾ ನಿಮಗೆ?" ಅಂದಳು.

ನಮ್ಮ ಬ್ಯಾಂಡಿನ ಕೊನೆಯ ಕಾರ್ಯಕ್ರಮಕ್ಕೆ ಬೇಸ್ ಗಿಟಾರ್ ನೀನೇ ಹಿಡಿಯಬೇಕು ಅಂತ ಕೇಳಿದ್ದೆ. ನೀನು ಬರೆದದ್ದು ಒಂದೇ ಸಾಲು: "ಮೂವತ್ತೆಂಟು ವರ್ಷ ಬಿಟ್ಟು ಈಗ ನಾನ್ಯಾಕೆ ಬೇಕಾದೆ?"

ಇಷ್ಟು ವರ್ಷ ಬೇಸ್ ನುಡಿಸಿದವನು ಮಣಿಕಟ್ಟು ನೋವೆಂದು ಕೈಚೆಲ್ಲಿದ್ದಾನೆ, ಅದೊಂದು ಕಾರಣ. ಇನ್ನೊಂದು, ನಿನ್ನ ಬೆರಳು. ಲಿಫ್ಟ್ ರಿಪೇರಿ ಮಾಡಿ ಮಾಡಿ ಒರಟಾಗಿರಬಹುದು, ಇರಲಿ. ನಾವಿಬ್ಬರೂ ಎಣಿಸುವುದನ್ನು ಕಲಿತದ್ದು ಒಂದೇ ಕಡೆಯಲ್ಲವೇ? ಅಪ್ಪನ ಪ್ರೆಸ್ಸಿನ ಆ ಹಲ್ಲು ಸವೆದ ಮಷೀನು ಆರು ಸಲ ಸರಿಯಾಗಿ ಬಡಿದು ಏಳನೆಯದಕ್ಕೆ ಮುಗ್ಗರಿಸುತ್ತಿತ್ತು. ಅದರ ಎದುರು ಕೂತು ನಾನು ಶಾಯಿ ಡಬ್ಬಿ ಬಾರಿಸುತ್ತಿದ್ದೆ, ನೀನು ಪಾರ್ಸಲ್ ಕಟ್ಟುವ ಹುರಿ ಮೀಟುತ್ತಿದ್ದೆ. "ಇದು ಕುಂಟ್ತಾ ಇದೆ ಕಣ್ರೋ, ಮೆಕ್ಯಾನಿಕ್‌ನ ಕರೆಸ್ತೀನಿ" ಅಂತ ಅಪ್ಪ. "ಬೇಡಪ್ಪಾ, ಇನ್ನೊಂದು ವಾರ ಇರ್ಲಿ!" ಅಂತ ನಾವು. ಮೇಷ್ಟರಿಲ್ಲದ ನನಗೆ ಆ ಮಷೀನೇ ಮೇಷ್ಟರು. ಬೇರೆ ಬ್ಯಾಂಡಿನವರೆಲ್ಲ ನಾಲ್ಕು ನಾಲ್ಕಾಗಿ ಎಣಿಸಿ ಮೂರು ನಿಮಿಷಕ್ಕೆ ಹಾಡು ಮುಗಿಸುತ್ತಿದ್ದರೆ ನಾವು ಏಳೇಳಾಗಿ ಇಪ್ಪತ್ತು ನಿಮಿಷ ಎಳೆದೆವು. ಅದಕ್ಕೆ ಪ್ರೋಗ್ರೆಸಿವ್ ರಾಕ್ ಅಂತ ಹೆಸರಿದೆಯೆಂದು ಪತ್ರಿಕೆ ಓದಿಯೇ ತಿಳಿದದ್ದು. ಕುಣಿಯಲು ಬಂದವರ ಕಾಲು ಉಳುಕಿತು, ಕೇಳಲು ಬಂದವರು ಕೊನೆತನಕ ಕೂತರು.

ನೀನು ಬ್ಯಾಂಡ್ ಬಿಟ್ಟ ಮೇಲೆ ಇನ್ನೂ ಹತ್ತು ರೆಕಾರ್ಡ್ ಮಾಡಿದೆವು. ಕೊಚ್ಚಿಕೊಳ್ಳುತ್ತಿಲ್ಲ, ನನ್ನ ಕೆಲಸ ನನಗೆ ಗೊತ್ತು. ಅರವತ್ತೇಳು ದಾಟಿದರೂ ಎರಡು ಗಂಟೆ ಬಿಡದೆ ಬಾರಿಸುತ್ತೇನೆ, ಕೋಲು ಜಾರುವುದಿಲ್ಲ. ಡ್ರಮ್ ಕಲಿಯುವವರು ಇವತ್ತಿಗೂ ನಮ್ಮ ಮೊದಲ ರೆಕಾರ್ಡಿನ ಆ ಉದ್ದ ಹಾಡಿಗೆ ಬಂದೇ ಬರುತ್ತಾರೆ. ಹಾಡುಗಾರ ದನಿ ಎತ್ತುವ ಮುಂಚೆ, ಏಳೇಳಾಗಿ ಓಡುತ್ತಿದ್ದ ತಾಳ ಒಂದೇ ಒಂದು ಸಲ ಎಂಟಾಗುತ್ತದಲ್ಲ, ಆ ಒಂದು ಪೆಟ್ಟಿಗೆ ಪ್ರಾಣ ಬಿಡುತ್ತಾರೆ. ಅದನ್ನು ತಮ್ಮ ಹಾಡಿನಲ್ಲೂ ಸೇರಿಸಿಕೊಂಡ ಬ್ಯಾಂಡುಗಳನ್ನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಹೋದ ತಿಂಗಳು ಇಲ್ಲಿನ ಸಂಗೀತ ಶಾಲೆಯಲ್ಲಿ ನನ್ನ ಬಗ್ಗೆಯೇ ಒಂದು ಸಭೆ. ಡ್ರಮ್ ಕಲಿಸುವ ಮೇಡಂ ಆ ಎಂಟನ್ನು ಬೋರ್ಡಿನ ಮೇಲೆ ಕೆಂಪಾಗಿ ಬರೆದು, "ಸರ್, ಈ ಪೆಟ್ಟು ನಿಮಗೆ ಹೇಗೆ ಹೊಳೀತು?" ಅಂದರು.

"ಹೊಳೀಲಿಲ್ಲಮ್ಮ, ಲೆಕ್ಕ ತಪ್ಪಿತು" ಅಂದೆ.

ಸಭೆಗೆ ಸಭೆಯೇ ನಕ್ಕಿತು. "ನೋಡಿ, ದೊಡ್ಡವರ ವಿನಯ ಅಂದ್ರೆ ಇದು!"

"ವಿನಯ ಅಲ್ಲ ತಾಯಿ, ನಿಜವಾಗ್ಲೂ ತಪ್ಪು" ಅಂದರೆ ಚಪ್ಪಾಳೆ ಇನ್ನೂ ಜೋರಾಯಿತು. ತಪ್ಪೊಪ್ಪಿಕೊಳ್ಳಲು ಹೋದವನು ಹೂಗುಚ್ಛ ಹಿಡಿದು ಮನೆಗೆ ಬಂದೆ.

ಕಾರ್ಯಕ್ರಮ ಮುಂದಿನ ತಿಂಗಳ ಕೊನೆಯ ಶನಿವಾರ. ಕೀಬೋರ್ಡಿನವನಿಗೂ ಹಾಡುಗಾರನಿಗೂ ಖಂಡಿತವಾಗಿ ಹೇಳಿಬಿಟ್ಟಿದ್ದೇನೆ: ಬೇಸ್ ಹಿಡಿದರೆ ನನ್ನ ತಮ್ಮ, ಇಲ್ಲದಿದ್ದರೆ ಆ ಜಾಗ ಖಾಲಿ. "ಬೇಸ್ ಇಲ್ದೆ ಆ ಹಾಡಾ? ತಲೆ ಕೆಟ್ಟಿದ್ಯಾ ನಿನಗೆ?" ಅಂದ ಹಾಡುಗಾರ. "ಹೂಂ, ಕೆಟ್ಟಿದೆ" ಅಂದೆ.

ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನಿನ್ನ ಮನೆಯವರೆಲ್ಲ ತಣ್ಣಗಿರಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ಅಣ್ಣ

ತಾ. ಕ.: ಅಂಟಿಸಿದ ಕವರನ್ನು ಮತ್ತೆ ಬಿಡಿಸಿದ್ದೇನೆ. ನೀನು ಬ್ಯಾಂಡ್ ಬಿಟ್ಟೆ ಅಂತ ಮೇಲೆ ಬರೆದದ್ದು ಸುಳ್ಳು. ಬಿಡಿಸಿದ್ದು ನಾವು. ಮೊದಲ ರೆಕಾರ್ಡಿಂಗಿನ ಆ ದಿನ ಎಂಟನೆಯ ಪೆಟ್ಟು ಬಿದ್ದ ಕ್ಷಣವೇ ತಪ್ಪಿದ್ದು ನಾನು ಅಂತ ನನಗೆ ಗೊತ್ತಾಯಿತು. ಕೇಳಿದವರಿಗೆ ಮಾತ್ರ, ಏಳಕ್ಕೇ ಮುಂದೆ ಹೋದ ನೀನು ಒಂದು ಪೆಟ್ಟು ಮೊದಲೇ ನುಗ್ಗಿದ ಹಾಗೆ ಅನ್ನಿಸಿತು. "ಯಾರಪ್ಪಾ ತಪ್ಪಿದ್ದು?" ಅಂತ ರೆಕಾರ್ಡಿಂಗಿನವರು ಕೇಳಿದಾಗ ನಾನು ಬಗ್ಗಿ ಡ್ರಮ್ಮಿನ ತಿರುಪು ಬಿಗಿ ಮಾಡುತ್ತ ಕೂತೆ. "ನಾನೇ ಇರ್ಬೇಕು" ಅಂದೆ ನೀನು. ಹಾಡುಗಾರನ ದನಿ ಚೆನ್ನಾಗಿ ಬಂದಿದೆಯೆಂದು ಆ ರೆಕಾರ್ಡಿಂಗನ್ನೇ ಉಳಿಸಿಕೊಂಡರು. ನೀನು ನುಡಿಸಿದ್ದನ್ನು ಅಳಿಸಿ, ನನ್ನ ತಪ್ಪಿಗೆ ಹೊಂದುವ ಹಾಗೆ ಬೇರೆಯವನ ಕೈಲಿ ನುಡಿಸಿದರು. ಎಣಿಸಲು ಬಾರದವನು ಅಂತ ನಿನ್ನನ್ನು ಮನೆಗೆ ಕಳಿಸಿದರು. ನಾನು ಬಾಯಿ ಬಿಡಲಿಲ್ಲ. ಆ ಸಭೆಯಲ್ಲೂ ಅರ್ಧವನ್ನೇ ಹೇಳಿದ್ದು. ಪೂರ್ತಿ ಹೇಳಿದ್ದು ನಿನ್ನೆ, ಕೀಬೋರ್ಡಿನವನಿಗೂ ಹಾಡುಗಾರನಿಗೂ. ಇಬ್ಬರೂ ನನ್ನ ಮುಖ ನೋಡಲಿಲ್ಲ.

"ನಾನೇ ಇರ್ಬೇಕು" ಅಂದದ್ದನ್ನು ನಂಬಿಕೊಂಡೇ ಇಷ್ಟು ವರ್ಷ ಬದುಕಿದೆಯೋ ಏನೋ, ಅದು ನನ್ನನ್ನು ತಿನ್ನುತ್ತಿದೆ. ಬರುವುದು ಬಿಡುವುದು ನಿನ್ನಿಷ್ಟ. ನೀನು ಸರಿಯಾಗಿ ಎಣಿಸಿದ್ದೆ, ತಮ್ಮಾ.