ಫಾರ್ಮಿನಲ್ಲಿ ಬರೆದ ‘ಇಲ್ಲ’

ಮೇ 9, ಸಂಜೆ 5

ಶ್ರೀಮದ್ ಅಖಂಡ ಪುಟಮಂಡಲಾಧೀಶ್ವರ, ಮುನ್ನೂರ ಅರವತ್ತೈದು ದಿನಗಳ ಏಕಚ್ಛತ್ರಾಧಿಪತಿ, ರಟ್ಟಿನ ಕವಚಧಾರಿ ಡೈರಿ ಮಹಾಪ್ರಭುಗಳ ಸನ್ನಿಧಾನಕ್ಕೆ — ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ವಿರಾಜಮಾನನಾದ ಮೊಮ್ಮಗನ ಸಾಷ್ಟಾಂಗ ವಂದನೆಗಳು.

ವರದಿ: ಎಂಬತ್ತೊಂದರ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ನಾಳೆ ಆಪರೇಷನ್. ಫಾರ್ಮ್ ತುಂಬುವ ಘನಕಾರ್ಯ ನನ್ನದು. ಅಮ್ಮ ಪಕ್ಕದಲ್ಲೇ.

“ಕುಡಿಯುವ ಅಭ್ಯಾಸ ಉಂಟೋ?” ನ್ಯಾಯಾಧೀಶರ ಗಂಟಲಲ್ಲಿ ಓದಿದೆ.

“ಬೆಳಿಗ್ಗೆಯಿಂದ ನೀರೂ ಕೊಟ್ಟಿಲ್ಲ, ಇನ್ನು ಕುಡಿಯೋದೇನು ಬಂತು,” ಅಂದಳು ಅಜ್ಜಿ.

“ನಿದ್ರೆ ಮಾತ್ರೆ?”

ಅಜ್ಜಿ ನನ್ನತ್ತ ಕಣ್ಣು ಮಿಟುಕಿಸಿದಳು. ಆರು ವರ್ಷದಿಂದ ದಿನಕ್ಕೊಂದು. ಮೆಡಿಕಲ್ ಶಾಪಿನಿಂದ ತಂದುಕೊಡುವವನು ನಾನೇ. ಅಮ್ಮನಿಗೆ ಗೊತ್ತಾದರೆ ಇಬ್ಬರಿಗೂ ಪ್ರವಚನ. ‘ಇಲ್ಲ’ ಅಂತ ಬರೆದು ಅಡಿಗೆರೆ ಎಳೆದೆ.

ಮೇ 10

ಆಪರೇಷನ್ ಸಲೀಸು. ಅಜ್ಜಿ ಎದ್ದ ತಕ್ಷಣ ಕೇಳಿದ್ದು ಹಲ್ಲಿನ ಸೆಟ್ಟು. ಸಂಸ್ಥಾನ ಸುರಕ್ಷಿತ.

ಮೇ 11, ಮಧ್ಯಾಹ್ನ 3

ಅಜ್ಜಿ ಡ್ಯೂಟಿಗೆ ಹಾಜರಾಗಿದ್ದಾಳೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಜೋಡಿಸಿದವಳು. ಈಗ ಮಂಚದ ಕಂಬಿ ಹಿಡಿದು, “ನಂಬರ್ ಹೇಳಿ... ಎಂಗೇಜ್ ಇದೆ, ಕಾಯಿರಿ.”

“ಮೇಡಂ, ಚಂದ್ರಲೋಕಕ್ಕೆ ಒಂದು ಟ್ರಂಕ್ ಕಾಲ್,” ಅಂದೆ.

“ಅರ್ಜೆಂಟೋ, ಆರ್ಡಿನರಿಯೋ?”

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಪಕ್ಕದ ಬೆಡ್ಡಿನವರೂ ನಕ್ಕರು. ಮೂರು ಕಾಲ್ ಬುಕ್ ಮಾಡಿದೆ. ನರ್ಸಮ್ಮ ಮಾತ್ರ ನಗಲಿಲ್ಲ. “ಬೆಳಿಗ್ಗೆಯಿಂದ ಹೀಗೇನಾ? ಯಾಕೆ ಹೇಳಲಿಲ್ಲ?” ಅಂದರು.

ಮೇ 12, ಬೆಳಿಗ್ಗೆ 11

ಅಕ್ಷರ ಸೊಟ್ಟ.

ಅಜ್ಜಿ ಡ್ರಿಪ್ ಕಿತ್ತುಹಾಕಿದಳು. ಅದರ ತುದಿಯನ್ನು ಗೋಡೆಯಲ್ಲಿ ಚುಚ್ಚಲು ನೋಡುತ್ತಿದ್ದಳು, ಯಾರಿಗೋ ಲೈನ್ ಕೊಡುವವಳ ಹಾಗೆ. ಮುಂಗೈಯಿಂದ ರಕ್ತ. ದಿಂಬು, ಹೊದಿಕೆ, ನನ್ನ ಶರ್ಟು...

ಅಮ್ಮ ಓಡಿಬಂದು ಕೈ ಹಿಡಿದಳು. ಅಜ್ಜಿ ಅವಳನ್ನು ದಿಟ್ಟಿಸಿ, “ಯಾರಮ್ಮಾ ನೀವು? ಹೊರಗಿನವರು ಒಳಗೆ ಬರಬಾರದು,” ಅಂದಳು. ತುಂಬ ಮರ್ಯಾದೆಯಿಂದಲೇ. ಅಮ್ಮ ಕೈ ಬಿಟ್ಟಳು. ಗೋಡೆಗೆ ಒರಗಿ ನಿಂತೇ ಇದ್ದಳು.

ಡಾಕ್ಟರ್ ಬಂದರು. “ಇದು ಹುಚ್ಚಲ್ಲ, ಡೆಲಿರಿಯಂ, ಸ್ವಲ್ಪ ದಿನದ ಮನಸ್ಸಿನ ಗೊಂದಲ. ವಯಸ್ಸಾದವರಿಗೆ ಆಪರೇಷನ್ ಆದಮೇಲೆ ಬರುತ್ತೆ. ನೋವು, ಸೋಂಕು, ಯಾವುದಾದರೂ ಮಾತ್ರೆ ಥಟ್ಟನೆ ನಿಂತಿದ್ದು — ಕಾರಣ ಸಿಗಬೇಕು. ಮನೇಲಿ ಏನಾದರೂ ತಗೋತಿದ್ರಾ?”

“ತಲೆನೋವಿಗೂ ಮಾತ್ರೆ ಮುಟ್ಟಿದವಳಲ್ಲ ಸರ್,” ಅಂದಳು ಅಮ್ಮ.

ನಾನು ಅಲ್ಲೇ ಇದ್ದೆ. ಶರ್ಟಿನ ಕಲೆ ಉಜ್ಜುತ್ತಿದ್ದೆ.

ಆಮೇಲೆ ಕಾರಿಡಾರಿನಲ್ಲಿ ಡಾಕ್ಟರರ ಹಿಂದೆ ಹೋಗಿ ಎಲ್ಲ ಹೇಳಿಬಿಟ್ಟೆ.

ಮೇ 15, ಸಂಜೆ 4

ಇವತ್ತು ಆ ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ನಿಧಾನವಾಗಿ ಇಳಿಸುತ್ತಾರಂತೆ. ಅಜ್ಜಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕೈಗೆ ಬಟ್ಟೆಯ ಚೀಲ ಹಾಕಿದ್ದಾರೆ, ಟ್ಯೂಬ್ ಎಳೆಯದ ಹಾಗೆ. ಅವುಗಳನ್ನು ನೋಡಿ ಒಂದೂ ತಮಾಷೆ ಹೊಳೆಯಲಿಲ್ಲ.

ಅಮ್ಮನಿಗೂ ಗೊತ್ತಾಯಿತು. ಪ್ರವಚನ ಮಾಡಲಿಲ್ಲ. “ಆರು ವರ್ಷ,” ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೇ 17, ಬೆಳಿಗ್ಗೆ 10

“ಯಾಕೋ ತರಲೆ, ಮುಖ ತೊಳೆದಿಲ್ವಾ?” — ಅಜ್ಜಿ. ನಮ್ಮ ಅಜ್ಜಿಯೇ. ಅಮ್ಮನನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು. ಏನಾಗಿತ್ತು ಅಂತ ನೆನಪಿಲ್ಲ.

ಕುಣಿಯುತ್ತಾ ಡಾಕ್ಟರರ ಹತ್ತಿರ ಹೋದೆ. “ಎಲ್ಲ ಸರಿಹೋಯ್ತಲ್ಲ ಸರ್?”

ಪೆನ್ನಿನ ಕ್ಯಾಪ್ ಹಾಕಿದರು. “ಈಗ ಸರಿ ಇದಾರೆ. ಆದರೆ ಕೇಳಪ್ಪಾ, ಹೀಗಾದವರಲ್ಲಿ ವರ್ಷದೊಳಗೆ ಹೋಗಿಬಿಡೋರು, ಆಗದೇ ಇದ್ದವರಿಗಿಂತ ಜಾಸ್ತಿ. ನಿಮ್ಮಜ್ಜಿಗೆ ಹಾಗೇ ಆಗುತ್ತೆ ಅಂತಲ್ಲ. ಓಡಾಡಿಸಿ, ತಿನ್ನಿಸಿ, ಮಾತಾಡಿಸ್ತಾ ಇರಿ.”

“ಈ ಗೊಂದಲ ಎರಡು ದಿನ ಇದ್ದರೂ ಒಂದೇ, ಐದು ದಿನ ಇದ್ದರೂ ಒಂದೇನಾ ಸರ್?”

“ಇಲ್ಲ. ಹೆಚ್ಚು ದಿನ ಇದ್ದಷ್ಟೂ ಒಳ್ಳೇದಲ್ಲ.”

ಮೆಟ್ಟಿಲ ಮೇಲೆ ಕೂತೆ. ಕಸ ಗುಡಿಸುವಾಕೆ ಎರಡು ಸಲ ಕಾಲೆತ್ತು ಅಂದರಂತೆ.

ಮೇ 18, ಮಧ್ಯಾಹ್ನ 12

ಅಜ್ಜಿ ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದಳು. ಆರು ಹೆಜ್ಜೆ. ಒಂದೊಂದನ್ನೂ ಬಾಯಲ್ಲೇ ಎಣಿಸಿದೆ.

ಮಹಾಪ್ರಭುಗಳೇ, ಒಂದು ತಿದ್ದುಪಡಿ. ಹನ್ನೆರಡನೇ ತಾರೀಖಿನ ಪುಟದ ಕೊನೇ ಸಾಲು ಸುಳ್ಳು. ಕಾರಿಡಾರಿನವರೆಗೆ ಹೋಗಿದ್ದೆ, ನಿಜ. ಡಾಕ್ಟರ್ ತಿರುಗಿ “ಏನಪ್ಪಾ?” ಅಂದರು. “ಟೈಮೆಷ್ಟು ಸರ್?” ಅಂತ ಕೇಳಿ ವಾಪಸ್ ಬಂದೆ.

ಮಾತ್ರೆಯ ವಿಷಯ ಹೇಳಿದ್ದು ಹದಿನೈದಕ್ಕೆ. ಅದೂ, ಈಗಷ್ಟೇ ನೆನಪಾಯ್ತು ಅಂತ...