ನಿನ್ನ ಮಹಾಮೌನ

ಅಪ್ಪ,

ಇವತ್ತು ಸಂಗೀತ ಕಾಲೇಜಿನಲ್ಲಿ ನನ್ನನ್ನೂ ಕರೆಸಿ ನಿನ್ನನ್ನು ಅಟ್ಟಕ್ಕೇರಿಸಿದರು. ನೀನಿದ್ದಾಗ ನಿನ್ನ ಫ್ರೀ ಜಾಝ್ ಡ್ರಮ್ಸ್ ಕೇಳಲು ಬರುತ್ತಿದ್ದವರೆಲ್ಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದರು. ತಾಳಕ್ಕೆ ತಕ್ಕಂತೆ ಬಾರಿಸುವುದು ಗುಲಾಮಗಿರಿ ಎಂದು ಮದುವೆ ಬ್ಯಾಂಡುಗಳನ್ನೆಲ್ಲ ತಿರಸ್ಕರಿಸಿ, ಅಮ್ಮನ ಹೊಲಿಗೆ ಯಂತ್ರದ ಮೇಲೆ ಬದುಕಿದ ಸ್ವತಂತ್ರ ಕಲಾವಿದ ನೀನು.

ಅಲ್ಲಿನ ಮೇಷ್ಟ್ರು ನಿನ್ನ ಹಳೆಯ ಕಛೇರಿಯೊಂದರ ಟೇಪು ಹಾಕಿದರು. ನಡುವೆ ಡ್ರಮ್ಸ್ ತಟ್ಟನೆ ನಿಂತಾಗ ಬೆರಳೆತ್ತಿ, "ಕೇಳಿ, ಇಲ್ಲಿ ಅವರು ಶಬ್ದವನ್ನೇ ಬಿಟ್ಟುಬಿಡ್ತಾರೆ" ಎಂದರು. ವಿದ್ಯಾರ್ಥಿಗಳು ಕಣ್ಣು ಮುಚ್ಚಿಕೊಂಡರು.

ನೀನು ಬಿಟ್ಟದ್ದು ಶಬ್ದವನ್ನಲ್ಲ. ಕೈಯಿಂದ ಸ್ಟಿಕ್ ಜಾರಿತ್ತು, ನೀನು ಮಂಡಿಯೂರಿ ಅದನ್ನು ಹುಡುಕುತ್ತಿದ್ದೆ. ಅಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಇದನ್ನು ಹೇಳಿ ಹೇಳಿ ನಗುತ್ತಿದ್ದಳು: "ನಿಮ್ಮಪ್ಪ ಬಗ್ಗಿದ್ದು ಅದೊಂದೇ ಸಲ ಕಣೇ."

"ಆ ಮೌನದ ಬಗ್ಗೆ ಮನೇಲಿ ಏನಾದ್ರೂ ಹೇಳ್ತಿದ್ರಾ ಮೇಡಂ?" ಎಂದು ಮೇಷ್ಟ್ರು ಕೇಳಿದರು.

"ಇನ್ನೊಂದ್ಸಲ ಹಾಕಿ, ಹೇಳ್ತೀನಿ" ಎಂದೆ. ಕಿವಿಗೊಟ್ಟರೆ ನೀನು ನೆಲ ತಡಕುವ ಸದ್ದು ಕೇಳಿಸೀತು, ಅದನ್ನೇ ತೋರಿಸಿ ಎಲ್ಲರೆದುರು ನಿನ್ನನ್ನು ಕೆಳಗಿಳಿಸೋಣ ಎಂದುಕೊಂಡಿದ್ದೆ. ಸದ್ದು ಕೇಳಿಸಿತು. ಅದರ ಹಿಂದೆಯೇ ಒಂದು ಪಿಸುದನಿ: "ಎಡಗಾಲ ಹತ್ರ ಇದೆ ರೀ."

ಅಮ್ಮ ಹೋಗಿ ವರ್ಷಗಳಾದವು. ಅವಳ ದನಿ ನನ್ನ ಬಳಿ ಎಲ್ಲೂ ಇಲ್ಲ. ಮನೆಯಲ್ಲಿದ್ದ ಟೇಪುಗಳೆಲ್ಲ ನಿನ್ನ ಡ್ರಮ್ಸಿಗೇ ಮೀಸಲಾಗಿದ್ದವು.

ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು. "ಇನ್ನೊಂದ್ಸಲ ಹಾಕ್ತೀರಾ?" ಎಂದೆ.

ಮೇಷ್ಟ್ರು ವಿದ್ಯಾರ್ಥಿಗಳ ಕಡೆ ತಿರುಗಿ ಹೆಮ್ಮೆಯಿಂದ, "ನೋಡಿದ್ರಾ?" ಎಂದರು.