ನಲವತ್ತೊಂದನೇ ಪುಟದ ಪ್ರೋಗ್ರಾಮು ಓಡುವುದಿಲ್ಲ

ಪಠ್ಯಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಪ್ರೋಗ್ರಾಮಿಂಗ್ ಕಲಿಯುವ ಹೊಸಬರಿಗೆಂದು ತಾವು ಆರಿಸಿ ಕಳಿಸಿದ ಪುಸ್ತಕದಲ್ಲಿ ಮೊತ್ತಮೊದಲ ಪ್ರೋಗ್ರಾಮು ಬರುವುದು ನಲವತ್ತೊಂದನೇ ಪುಟದಲ್ಲಿ. ಅದು ಓಡುವುದಿಲ್ಲ. ಅದಕ್ಕೂ ಮುಂಚಿನ ನಲವತ್ತು ಪುಟಗಳಲ್ಲಿ ತಮ್ಮ ಮುನ್ನುಡಿಯೂ ಗಣಕಯಂತ್ರದ ಐದು ತಲೆಮಾರುಗಳ ವಂಶಾವಳಿಯೂ ಇವೆ. ಸೈಕಲ್ ಕಲಿಯಲು ಬಂದವಳಿಗೆ ಚಕ್ರದ ಚರಿತ್ರೆಯನ್ನು ಬಾಯಿಪಾಠ ಮಾಡಿಸಿ, ಕೊನೆಗೆ ಪೆಡಲ್ ಇಲ್ಲದ ಸೈಕಲ್ ಕೊಟ್ಟರೆ ಹೇಗಿರುತ್ತದೆ ಹೇಳಿ?

ನಾನು ವಿಜಯಪುರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಇಂಥವಳಿಗೆ ಪುಸ್ತಕದ ಉಸಾಬರಿ ಏಕೆಂದು ತಾವು ಕೇಳಬಹುದು. ಪುಸ್ತಕ ಆರಿಸುವವರು ಲ್ಯಾಬಿಗೆ ಬರುವುದಿಲ್ಲ. ಅದನ್ನು ಮುಂದಿಟ್ಟುಕೊಂಡು ಕೂತವರ ಮುಖ ನೋಡುವವಳು ನಾನು.

ಹೊನವಾಡದಿಂದ ದಿನಾ ಬಸ್ಸಿಗೆ ಬರುವ ದಾನೇಶ್ವರಿಯ ಮುಖವನ್ನು ಮೂರು ದಿನ ನೋಡಿದೆ. ತಾಯಿ ಪರಸವ್ವ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಾಳೆ. ಆ ಮನೆಯಿಂದ ಕಾಲೇಜು ಕಂಡವಳು ಇವಳೊಬ್ಬಳೇ. ಹದಿನೇಳರ ಮಗ್ಗಿ ಮೂಡಿಸುವ ಆ ಪ್ರೋಗ್ರಾಮನ್ನು ಅಕ್ಷರ ಬಿಡದೆ ಕೀಲಿಮಣೆಯಲ್ಲಿ ಒತ್ತಿದಳು. ನಮ್ಮ ಹಳೆಯ ಯಂತ್ರ ಸರ್ಕಾರಿ ಕಚೇರಿಯಂತೆಯೇ: ತಪ್ಪಿದೆ ಎನ್ನುತ್ತದೆ, ಏನು ತಪ್ಪೆಂದು ಹೇಳುವುದಿಲ್ಲ. ಉಪನ್ಯಾಸಕರನ್ನು ಕೇಳಿದಳು. ಅವರು ಪುಸ್ತಕ ತೆರೆಯಲೂ ಇಲ್ಲ.

"ಸಮಿತಿ ಒಪ್ಪಿದ ಪುಸ್ತಕ ಐತಿ ಅದು. ನೀನ ಏನರೆ ಎಡವಟ್ಟು ಮಾಡಿರ್ತಿ."

ನಾಲ್ಕನೇ ದಿನ ಅವಳು ವಿಷಯ ಬದಲಿಸಿಕೊಳ್ಳುವ ಅರ್ಜಿ ಬರೆದು ತಂದಿದ್ದಳು.

"ಯಾಕ ಬೇ?" ಎಂದೆ.

"ಇದು ನಮ್ಮಂಥಾರಿಗೆ ಅಲ್ರಿ ಅಕ್ಕಾರ. ನನ್ನ ತಲಿ ಅಷ್ಟ ಐತಿ."

ಅರ್ಜಿಯನ್ನು ಮೇಜಿನ ಮೇಲಿಟ್ಟು ಅವಳ ಪಕ್ಕ ಕೂತೆ. ಪುಸ್ತಕದಲ್ಲಿದ್ದಂತೆ ನಾನೂ ಒತ್ತಿದೆ. ನನಗೂ ಅದೇ ಉತ್ತರ. ಕಪಾಟಿನಿಂದ ರಟ್ಟು ಹರಿದ, ತೆಳುವಾದ ಹಳೆಯ ಪುಸ್ತಕವೊಂದನ್ನು ತೆಗೆದು, ಅದರಲ್ಲಿದ್ದ ಮಗ್ಗಿಯ ಪ್ರೋಗ್ರಾಮಿನೊಂದಿಗೆ ಸಾಲಿಗೆ ಸಾಲು ಹೋಲಿಸಿದೆವು. ಮೊದಲ ಸಾಲಿನ ಕೊನೆಗೆ, ಒಂದರ ಮೇಲೊಂದು ಇರಬೇಕಾದ ಎರಡು ಚುಕ್ಕೆಗಳನ್ನು ತಮ್ಮ ಪುಸ್ತಕ ನುಂಗಿತ್ತು. ದಾನೇಶ್ವರಿ ಅವನ್ನು ಸೇರಿಸಿದಳು. ಮಗ್ಗಿ ಪರದೆಯ ಮೇಲೆ ಸರಸರನೆ ಇಳಿಯಿತು.

ಅವಳು ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಕಣ್ಣು ತುಂಬಿಕೊಂಡು ಸಿಟ್ಟಾದಳು. "ಮೂರು ದಿನ ನಾನ ದಡ್ಡಿ ಅಂತ ಅತ್ತೇನ್ರಿ! ಪುಸ್ತಕದ ತಪ್ಪಿಗೆ ನಾ ಯಾಕ ಅಳಬೇಕಾಗಿತ್ರಿ?"

ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ ಸ್ವಾಮಿ? ಪುಸ್ತಕ ಹಿಡಿದ ಹೊಸಬರಿಗೆ ಅದರ ಮೇಲೆ ಇರುವಷ್ಟು ನಂಬಿಕೆ ತಂತಮ್ಮ ಮೇಲೆಯೇ ಇರುವುದಿಲ್ಲ. ಅದಕ್ಕೇ ಅಲ್ಲವೇ ಆರಿಸುವವರು ಒಮ್ಮೆಯಾದರೂ ಓದಬೇಕಾದದ್ದು?

ಅವಳು ಅರ್ಜಿ ಹರಿದಳು. ಮುಂದಿನ ಎರಡು ವಾರ ಪ್ರತಿ ಪ್ರೋಗ್ರಾಮನ್ನೂ ಒತ್ತಿ ನೋಡಿ ಹನ್ನೊಂದು ತಪ್ಪು ಹಿಡಿದಳು. ಆ ಹಟದಲ್ಲೇ ಪಾಠವನ್ನೂ ಕಲಿತಳು. ಈಗ ಗೆಳತಿಯರು ಉಪನ್ಯಾಸಕರಿಗಿಂತ ಮೊದಲು ಅವಳನ್ನು ಕೇಳುತ್ತಾರೆ. ಆ ತಪ್ಪುಗಳ ಪಟ್ಟಿಯನ್ನು ತಮಗೆ ಕಳಿಸಲೆಂದು ನನಗೆ ಕೊಡುತ್ತ ಹೇಳಿದಳು: "ಸಾಹೇಬ್ರಿಗೆ ಬ್ಯಾಸರ ಆಗಬಾರ್ದು ಅಂತ ಕೆಂಪು ಪೆನ್ನ ಬಿಟ್ಟು ಪೆನ್ಸಿಲಲೆ ಬರದೀನ್ರಿ." ಇದರೊಂದಿಗೆ ಲಗತ್ತಿಸಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಈ ಹನ್ನೊಂದು ತಿದ್ದುಪಡಿಗಳನ್ನು ಅಚ್ಚು ಹಾಕಿಸಿ ಎಲ್ಲ ಕಾಲೇಜುಗಳಿಗೂ ಕಳಿಸಿ. ಮುಂದಿನ ಪುಸ್ತಕ ಆರಿಸುವ ಮೊದಲು, ಪ್ರೋಗ್ರಾಮಿಂಗ್ ಗೊತ್ತಿಲ್ಲದ ಒಬ್ಬರನ್ನು ಸಮಿತಿಯೆದುರು ಕೂರಿಸಿ ಮೊದಲ ಪಾಠ ಕಲಿಯಲು ಹೇಳಿ. ಸಮಿತಿಯಲ್ಲೇ ಅಂಥವರಿದ್ದರೆ ಹೊರಗಿನವರನ್ನು ಹುಡುಕುವ ತೊಂದರೆಯೂ ಇಲ್ಲ.

ಇಂತಿ,
ತಮ್ಮ ಮುನ್ನುಡಿಯನ್ನು ಕೊನೆಯವರೆಗೂ ಓದಿದ, ಬಹುಶಃ ಒಬ್ಬಳೇ ಒಬ್ಬಳು,
ಗುಲಶನ